ಒಂದು, ಮೂರು, ಏಳು: ಕರ್ನಲ್ ಮೆಮೊರಿಯಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಂಡ ಕ್ರ್ಯಾಶ್‌ನ ಪ್ರಕರಣ ಅಧ್ಯಯನ

ಲಿನಕ್ಸ್ 5.15 ಕರ್ನಲ್ (ಯಂತ್ರಾಂಶವನ್ನೂ ಮೆಮೊರಿಯನ್ನೂ ನಿಭಾಯಿಸುವ, ಕಾರ್ಯಾಚರಣ ವ್ಯವಸ್ಥೆಯ ತಿರುಳು) ಮೇಲೆ ಓಡುತ್ತಿದ್ದ 24 ಸರ್ವರ್‌ಗಳ ಗುಂಪೊಂದರಲ್ಲಿ ಆರು ವಾರಗಳ ಅವಧಿಯಲ್ಲಿ 14 ಸಲ ಕರ್ನಲ್ ಕುಸಿದ ಪ್ರಕರಣ ಇದು. ಯಾವ ಯಂತ್ರ ಯಾವಾಗ ಬೀಳುತ್ತದೆ ಎನ್ನುವುದಕ್ಕೆ ಲೆಕ್ಕವೇ ಸಿಗುತ್ತಿರಲಿಲ್ಲ. ಒಂದೇ ದಿನ ಎರಡು ಯಂತ್ರಗಳು ಬಿದ್ದದ್ದೂ ಉಂಟು, ವಾರವಿಡೀ ಎಲ್ಲವೂ ಸುಮ್ಮನಿದ್ದದ್ದೂ ಉಂಟು. ಸಿಪಿಯು ಮೇಲಿನ ಹೊರೆ ಹೆಚ್ಚಿದ್ದಾಗ ಬೀಳುತ್ತದೆ ಎಂದು ಒಬ್ಬರು, ರಾತ್ರಿ ಹೊತ್ತು ಬೀಳುತ್ತದೆ ಎಂದು ಇನ್ನೊಬ್ಬರು ನಂಬಿದ್ದೆವು. ಲಾಗ್ ತೆಗೆದು ನೋಡಿದರೆ ಎರಡೂ ನಿಜವಾಗಿರಲಿಲ್ಲ.

ಬಿದ್ದ ಯಂತ್ರಗಳು ಕನ್ಸೋಲ್‌ನಲ್ಲಿ ಉಳಿಸಿಹೋದ ಊಪ್ಸ್ ಸಂದೇಶಗಳೂ (ಕರ್ನಲ್ ತನ್ನ ದೋಷವನ್ನು ಸಾರುವ ವರದಿಗಳೂ) ಒಂದೇ ತೆರನಾಗಿರಲಿಲ್ಲ. 14ರಲ್ಲಿ 7 ಸಂದೇಶಗಳು ಜನರಲ್ ಪ್ರೊಟೆಕ್ಷನ್ ಫಾಲ್ಟ್, ಅಂದರೆ ಪ್ರೊಸೆಸರ್ ಒಪ್ಪದಂಥ ಅಸಂಬದ್ಧ ವಿಳಾಸವನ್ನು ಓದಲು ಹೋದ ದೋಷ. 5 ಸಂದೇಶಗಳು ನಲ್ ಪಾಯಿಂಟರ್ ದೋಷ ಎಂದು ಹೇಳುತ್ತಿದ್ದವು. ಪಾಯಿಂಟರ್ ಎಂದರೆ ಮೆಮೊರಿ ವಿಳಾಸವೊಂದನ್ನು ಹಿಡಿದಿಟ್ಟ ಮೌಲ್ಯ; ಸೊನ್ನೆ ಅಥವಾ ಅದರ ಆಸುಪಾಸಿನ ವಿಳಾಸವನ್ನು ಬಳಸಲು ಹೋದಾಗ ಈ ದೋಷ ಬರುತ್ತದೆ. ಆ 5ರಲ್ಲಿ ದಾಖಲಾದ ವಿಳಾಸ ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯಾ ಪದ್ಧತಿಯಲ್ಲಿ) ಮೂರು ಸಲ 61, ಒಂದು ಸಲ 63, ಇನ್ನೊಂದು ಸಲ 67. ಉಳಿದ 2 ಕ್ರ್ಯಾಶ್‌ಗಳು ಇವೆರಡಕ್ಕೂ ಸೇರದೆ ಬೇರೆಲ್ಲೋ ಆಗಿದ್ದವು. ಎಲ್ಲ ಕ್ರ್ಯಾಶ್‌ಗಳ ಕಾಲ್ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಣಿ) ನೋಡಿದರೆ ಒಂದರಲ್ಲಿ ಫೈಲ್ ಸಿಸ್ಟಂ, ಇನ್ನೊಂದರಲ್ಲಿ ನೆಟ್‌ವರ್ಕ್, ಮತ್ತೊಂದರಲ್ಲಿ ಹೊಸ ಪ್ರೊಸೆಸ್ ಹುಟ್ಟುವ ದಾರಿ. ನಾವು ಇವನ್ನು ಮೂರು ಪ್ರತ್ಯೇಕ ದೋಷಗಳೆಂದು ಬಗೆದು ಮೂವರಿಗೆ ಹಂಚಿಕೊಟ್ಟೆವು. ನಲ್ ಪಾಯಿಂಟರ್‌ನ ಪಾಲು ಸಿಕ್ಕವರು, ಮೆಮೊರಿ ಕೇಳಿದ ಫಂಕ್ಷನ್‌ಗಳಲ್ಲೆಲ್ಲ ಪರಿಶೀಲಿಸದೆ ಬಿಟ್ಟ ಪಾಯಿಂಟರ್ ಹುಡುಕುತ್ತ ಎರಡು ವಾರ ಕಳೆದರು. ಅಲ್ಲಿ ಅಂಥದ್ದು ಯಾವುದೂ ಇರಲಿಲ್ಲ.

ಮೊದಲ ಅನುಮಾನ, ಸಹಜವಾಗಿಯೇ, ರ‍್ಯಾಮ್ ಮೇಲೆ ಹೋಯಿತು. ಬಿದ್ದ ಎರಡು ಯಂತ್ರಗಳನ್ನು ಕೆಲಸದಿಂದ ತೆಗೆದು ಒಂದು ದಿನ ಪೂರ್ತಿ ಮೆಮ್‌ಟೆಸ್ಟ್ ಓಡಿಸಿದೆವು, ಏನೂ ಸಿಗಲಿಲ್ಲ. ಆ ಯಂತ್ರಗಳಲ್ಲಿ ಇಸಿಸಿ ಮೆಮೊರಿ ಇತ್ತು. ಅದು ಒಂದು ಬಿಟ್‌ನ ತಪ್ಪನ್ನು ತಾನೇ ತಿದ್ದಿ ದಾಖಲಿಸುತ್ತದೆ, ಎರಡು ಬಿಟ್‌ನ ತಪ್ಪನ್ನು ಗುರುತಿಸಿ ಹೇಳುತ್ತದೆ. ದಾಖಲೆಯಲ್ಲಿ ಎರಡೂ ಇರಲಿಲ್ಲ. ಅಷ್ಟರಲ್ಲಿ ಒಂಬತ್ತು ಬೇರೆ ಬೇರೆ ಯಂತ್ರಗಳು ಬಿದ್ದಿದ್ದವು. ಒಂಬತ್ತರಲ್ಲೂ ರ‍್ಯಾಮ್ ಒಟ್ಟಿಗೆ ಕೆಡುವುದು ನಂಬುವ ಮಾತಲ್ಲ. ಸಂದೇಶಗಳಲ್ಲಿ ಇನ್ನೊಂದು ಸುಳಿವೂ ಇತ್ತು: ಕರ್ನಲ್ ಮೂಲದಿಂದ ಹೊರಗಿನ ಮಾಡ್ಯೂಲ್ (ಕರ್ನಲ್‌ಗೆ ಜೋಡಿಸುವ ಕೋಡ್‌ನ ತುಂಡು) ಲೋಡ್ ಆಗಿದೆ ಎಂದು ಸಾರುವ ‘ಓ’ ಗುರುತು. ನೆಟ್‌ವರ್ಕ್ ಸೆಷನ್‌ಗಳನ್ನು ನೋಡಿಕೊಳ್ಳುವ ಹೊರಗಿನ ಡ್ರೈವರ್ ಒಂದನ್ನು ನಾವು ಎಲ್ಲ ಯಂತ್ರಗಳಲ್ಲೂ ಬಳಸುತ್ತಿದ್ದೆವು. ಅದನ್ನು ಬರೆದವರಿಗೆ ವಿಷಯ ತಿಳಿಸಿದಾಗ, ಯಾವ ಕಾಲ್ ಸ್ಟ್ಯಾಕ್‌ನಲ್ಲೂ ತಮ್ಮ ಒಂದು ಫಂಕ್ಷನ್ ಕೂಡ ಇಲ್ಲವಲ್ಲ ಎಂದು ಉತ್ತರಿಸಿದರು. ಆ ಮಾತು ನಿಜವೇ ಆಗಿತ್ತು, ಮತ್ತು ಅಲ್ಲಿಯವರೆಗೆ ನಮ್ಮ ಕೈಯಲ್ಲಿದ್ದದ್ದು ಬರೀ ಗುಮಾನಿ.

ಕನ್ಸೋಲ್‌ನ ನಾಲ್ಕು ಸಾಲುಗಳಿಂದ ಮುಂದೆ ಹೋಗಲಾಗದು ಎಂಬುದು ಖಚಿತವಾದ ಮೇಲೆ ಎಲ್ಲ ಯಂತ್ರಗಳಲ್ಲಿ ಕೆಡಂಪ್ ಹೂಡಿದೆವು. ಇದರಲ್ಲಿ ಕರ್ನಲ್ ಬಿದ್ದ ಕೂಡಲೇ, ಮೊದಲೇ ಕಾಯ್ದಿಟ್ಟ ಮೆಮೊರಿಯಲ್ಲಿ ಇನ್ನೊಂದು ಚಿಕ್ಕ ಕರ್ನಲ್ ಎದ್ದು, ಬಿದ್ದ ಕರ್ನಲ್‌ನ ಮೆಮೊರಿಯನ್ನೆಲ್ಲ ಡಿಸ್ಕ್‌ಗೆ ಬರೆದಿಡುತ್ತದೆ. ಆ ನಕಲೇ ಡಂಪ್. 256 ಎಂಬಿ ಕಾಯ್ದಿಟ್ಟಿದ್ದೆವು. ಸಿಕ್ಕಬಹುದಾಗಿದ್ದ ಮೊದಲ ಡಂಪ್, ಆ ಎರಡನೆಯ ಕರ್ನಲ್‌ಗೇ ಮೆಮೊರಿ ಸಾಲದೆ ಕೈತಪ್ಪಿತು. 512 ಎಂಬಿಗೆ ಏರಿಸಿದ ಮೇಲೆ ಆದ ಆರು ಕ್ರ್ಯಾಶ್‌ಗಳಿಂದ ಆರು ಡಂಪ್‌ಗಳು ಸಿಕ್ಕವು. ಡಂಪ್ ಚಿಕ್ಕದಾಗಲಿ ಎಂದು, ಅದನ್ನು ಬರೆಯುವ ಮೇಕ್‌ಡಂಪ್‌ಫೈಲ್ ಎಂಬ ಸಲಕರಣೆಗೆ ಸಾಮಾನ್ಯವಾಗಿ 31ರ ಮಟ್ಟ ಕೊಡುತ್ತಾರೆ. ಆ ಮಟ್ಟದಲ್ಲಿ ಖಾಲಿ ಬಿದ್ದಿರುವ ಪುಟಗಳನ್ನು ಅದು ಎತ್ತಿ ಬಿಸಾಡುತ್ತದೆ. ಮೆಮೊರಿ ಕೆಟ್ಟಿರುವ ಅನುಮಾನವಿದ್ದಾಗ ಖಾಲಿ ಪುಟವೂ ಸಾಕ್ಷಿಯೇ ಆಗಬಹುದಾದ್ದರಿಂದ ನಾವು 15ಕ್ಕೆ ಇಳಿಸಿದೆವು.

ಡಂಪ್‌ಗಳು ಹೇಳಿದ ಮೊದಲ ಮಾತೆಂದರೆ, ಜನರಲ್ ಪ್ರೊಟೆಕ್ಷನ್ ಫಾಲ್ಟ್‌ನ ಡಂಪ್‌ಗಳಲ್ಲೂ ನಲ್ ಪಾಯಿಂಟರ್‌ನ ಡಂಪ್‌ನಲ್ಲೂ ಕರ್ನಲ್ ಬಿದ್ದದ್ದು ಒಂದೇ ಕೆಲಸ ಮಾಡುವಾಗ, ಕೆಮಾಲಕ್-192 ಎಂಬ ಒಂದೇ ಸ್ಲ್ಯಾಬ್ ಸಂಗ್ರಹದಿಂದ (ಒಂದೇ ಅಳತೆಯ ಮೆಮೊರಿ ತುಣುಕುಗಳ ದಾಸ್ತಾನಿನಿಂದ) ತುಣುಕು ತೆಗೆಯುವಾಗ. ಫೈಲ್ ಸಿಸ್ಟಂ, ನೆಟ್‌ವರ್ಕ್ ಇವೆಲ್ಲ ಆ ಹೊತ್ತಿಗೆ ಮೆಮೊರಿ ಕೇಳಿಕೊಂಡು ಬಂದ ಗಿರಾಕಿಗಳಷ್ಟೇ. ಮೂರು ದೋಷಗಳೆಂದು ಹಂಚಿಕೊಂಡಿದ್ದರಲ್ಲಿ ಎರಡು ಅಂದೇ ಒಂದಾದವು.

ಮುಂದಿನದು ಅರ್ಥವಾಗಬೇಕಾದರೆ ಈ ಸಂಗ್ರಹದ ಒಳಗುಟ್ಟು ತಿಳಿದಿರಬೇಕು. ಲಿನಕ್ಸ್‌ನ ಸ್ಲಬ್ ಎಂಬ ಮೆಮೊರಿ ಹಂಚಿಕೆದಾರ, 129ರಿಂದ 192 ಬೈಟ್‌ವರೆಗಿನ ಬೇಡಿಕೆಗಳಿಗೆಲ್ಲ 192 ಬೈಟ್‌ನ ತುಣುಕು ಕೊಡುತ್ತದೆ. ನಮ್ಮ ಯಂತ್ರಗಳಲ್ಲಿ ಒಂದೊಂದು ಸ್ಲ್ಯಾಬ್ 8192 ಬೈಟ್‌ನದು; ಅದರಲ್ಲಿ 42 ತುಣುಕುಗಳು, ಕೊನೆಯಲ್ಲಿ 128 ಬೈಟ್ ಮಿಗುತ್ತದೆ. ಯಾರ ಕೈಯಲ್ಲೂ ಇಲ್ಲದ ತುಣುಕುಗಳ ಪಟ್ಟಿಯನ್ನು ಸ್ಲಬ್ ಬೇರೆ ಕಡೆ ಬರೆದಿಡುವುದಿಲ್ಲ. ಪ್ರತಿ ಖಾಲಿ ತುಣುಕಿನ ಹೊಟ್ಟೆಯೊಳಗೇ ಮುಂದಿನ ಖಾಲಿ ತುಣುಕಿನ ವಿಳಾಸವನ್ನು ಬರೆಯುತ್ತದೆ. 2020ರಲ್ಲಿ ಬಂದ 5.7ನೇ ಆವೃತ್ತಿಯಿಂದ ಈ ವಿಳಾಸ ತುಣುಕಿನ ನಡುಮಧ್ಯದಲ್ಲಿರುತ್ತದೆ. 192 ಬೈಟ್‌ನ ತುಣುಕಿನಲ್ಲಿ ಅದು 96ನೇ ಬೈಟ್‌ನಿಂದ ಶುರು. ಹೆಕ್ಸ್‌ನಲ್ಲಿ ಹೇಳುವುದಾದರೆ 60. ಇದರ ಮೇಲೆ ಭದ್ರತೆಯ ಒಂದು ಮುಸುಕೂ ಉಂಟು: ವಿಳಾಸವನ್ನು ಇದ್ದ ಹಾಗೆ ಬರೆಯದೆ, ಸಂಗ್ರಹ ಸೃಷ್ಟಿಯಾದಾಗ ಆರಿಸಿದ ಒಂದು ಯಾದೃಚ್ಛಿಕ ಸಂಖ್ಯೆಯೊಡನೆಯೂ, ಬರೆಯುವ ಜಾಗದ ವಿಳಾಸದ ಬೈಟ್‌ಗಳನ್ನು ಹಿಂದುಮುಂದಾಗಿಸಿದ ರೂಪದೊಡನೆಯೂ ಎಕ್ಸಾರ್ ಮಾಡಿ (ಎರಡು ಸಂಖ್ಯೆಗಳ ಬಿಟ್‌ಗಳನ್ನು ಹೋಲಿಸಿ, ಬೇರೆಯಿದ್ದಲ್ಲಿ 1, ಒಂದೇ ಇದ್ದಲ್ಲಿ 0 ಇಟ್ಟು) ಬರೆಯಲಾಗುತ್ತದೆ.

ನಲ್ ಪಾಯಿಂಟರ್‌ನ ವಿಳಾಸಗಳ ಮರ್ಮ ಇಲ್ಲಿ ಹೊರಬಿತ್ತು. 61, 63, 67ರಿಂದ 60 ಕಳೆದರೆ 1, 3, 7. ಅಂದರೆ ಪಟ್ಟಿಯ ಕೊನೆಯಲ್ಲಿ ಸೊನ್ನೆ ಇರಬೇಕಾದ ಕಡೆ 1, 3 ಅಥವಾ 7 ಇತ್ತು; ಸ್ಲಬ್ ಅದನ್ನೂ ಒಂದು ತುಣುಕೆಂದು ನಂಬಿ ಅದರ ಹೊಟ್ಟೆಗೆ ಕೈಹಾಕಿತ್ತು. ಹಾಗಾದರೆ ಜನರಲ್ ಪ್ರೊಟೆಕ್ಷನ್ ಫಾಲ್ಟ್‌ನ ಕಥೆ ಏನು? ಅಂಥ ನಾಲ್ಕು ಡಂಪ್‌ಗಳಲ್ಲಿ ಪಟ್ಟಿಯ ತಲೆಯಲ್ಲಿದ್ದದ್ದು ಪೂರ್ತಿ ಕಸ. ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಹಿಂದಿನ ಹೆಜ್ಜೆ ಹುಡುಕಬೇಕಾಯಿತು. ಕ್ರ್ಯಾಶ್ ಎಂಬ ಪರಿಶೀಲನಾ ಸಲಕರಣೆಯ ಸರ್ಚ್ ಆದೇಶಕ್ಕೆ, ವಿಳಾಸದ ಕೊನೆಯ 13 ಬಿಟ್‌ಗಳನ್ನು ಲೆಕ್ಕಿಸದೆ, ಆ ಸ್ಲ್ಯಾಬ್‌ನೊಳಗೆ ಬೆರಳು ತೋರಿಸುವ ಪಾಯಿಂಟರ್‌ಗಳು ಕರ್ನಲ್ ಮೆಮೊರಿಯಲ್ಲಿ ಎಲ್ಲೆಲ್ಲಿವೆ ಎಂದು ಕೇಳಿದೆವು. ಸಿಕ್ಕ ಒಂದೊಂದರಿಂದಲೂ ಸ್ಲ್ಯಾಬ್‌ನ ಮೊದಲ ವಿಳಾಸವನ್ನು ಕಳೆದು 192ರಿಂದ ಭಾಗಿಸಿದೆವು. ಶೇಷ ಸೊನ್ನೆ ಬರಬೇಕು. ಪಾಯಿಂಟರ್ ತುಣುಕಿನ ಒಳಗಿನ ಯಾವುದೋ ಸದಸ್ಯವನ್ನು ತೋರಿಸುತ್ತಿದ್ದರೆ ಸಾಮಾನ್ಯವಾಗಿ 8ರ ಗುಣಕ ಬರಬೇಕು. ಮೊದಲ ಡಂಪ್‌ನಲ್ಲಿ ಒಂದೇ ಒಂದು ಪಾಯಿಂಟರ್‌ನ ಶೇಷ 1 ಬಂತು. ಎರಡನೆಯದರಲ್ಲಿ 3, ಮೂರನೆಯದರಲ್ಲಿ ಮತ್ತೆ 1, ನಾಲ್ಕನೆಯದರಲ್ಲಿ 7.

ಅಂದರೆ ಸ್ಲಬ್, ತುಣುಕಿನ ಆರಂಭದಿಂದ 1, 3 ಅಥವಾ 7 ಬೈಟ್ ಸರಿದ ವಿಳಾಸವನ್ನು ಯಾರಿಗೋ ಕೊಟ್ಟು ಕಳುಹಿಸಿತ್ತು. ಎಕ್ಸ್86 ಪ್ರೊಸೆಸರ್ ಸಾಲು ತಪ್ಪಿದ ವಿಳಾಸವನ್ನು ತಕರಾರಿಲ್ಲದೆ ನಡೆಸಿಕೊಡುವುದರಿಂದ ಪಡೆದವರಿಗೆ ಏನೂ ಗೊತ್ತಾಗಿರಲಿಲ್ಲ. ಆದರೆ ಆ ಸರಿದ ವಿಳಾಸದಿಂದ ಮುಂದಿನ ಖಾಲಿ ತುಣುಕಿನ ವಿಳಾಸವನ್ನು ಬಿಡಿಸಿಕೊಂಡಾಗ ಬೈಟ್‌ಗಳು ಒಂದಕ್ಕೊಂದು ತಾಳೆಯಾಗದೆ ಕಸ ಹುಟ್ಟಿತ್ತು. ಆಮೇಲೆ ಮೆಮೊರಿ ಕೇಳಿ ಬಂದವರು ಆ ಕಸದ ಮೇಲೆ ಕಾಲಿಟ್ಟು ಬಿದ್ದಿದ್ದರು.

1, 3, 7 ಎನ್ನುವ ಸಾಲು ಮೊದಲು ನಮ್ಮನ್ನು ದಾರಿ ತಪ್ಪಿಸಿತು. ಯಾರೋ ಬೈಟ್‌ಗಳನ್ನು ಕೂಡಿಸುತ್ತಿದ್ದಾರೆ, ಯಾವುದೋ ಉದ್ದದ ಲೆಕ್ಕ ತಪ್ಪಿದೆ ಎಂದು ಒಂದು ಇಡೀ ಮಧ್ಯಾಹ್ನ ಚರ್ಚಿಸಿದೆವು. ರ‍್ಯಾಮ್‌ನ ಒಂದು ಬಿಟ್ ಹೊರಳಿದ್ದರೆ 1 ಬರಬಹುದು, 3 ಮತ್ತು 7 ಬರುವುದಿಲ್ಲ ಎಂಬುದಂತೂ ಸ್ಪಷ್ಟವಿತ್ತು. ಕೊನೆಗೆ ಹೊಳೆದದ್ದು ಎಕ್ಸಾರ್‌ನ ಚಿಕ್ಕದೊಂದು ಗುಣ: ಒಂದು ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯ ಸಂಖ್ಯೆಯೊಡನೆ ಎಕ್ಸಾರ್ ಮಾಡಿದರೆ 1, 3, 7, 15 ಹೀಗೆ ಕೊನೆಯ ಬಿಟ್‌ಗಳೆಲ್ಲ 1 ಆಗಿರುವ ಸಂಖ್ಯೆಯೇ ಬರುತ್ತದೆ. ಬೆಸ ಸಂಖ್ಯೆಯಾದರೆ 1, ಕೊನೆಯಲ್ಲಿ ಒಂದು ಸೊನ್ನೆ ಬಿಟ್ ಇದ್ದರೆ 3, ಎರಡಿದ್ದರೆ 7. ಹಾಗಾದರೆ ಮುಸುಕು ಹೊದಿಸಿ ಬರೆದಿದ್ದ ವಿಳಾಸದಿಂದ ಯಾರೋ ಒಂದನ್ನು ಕಳೆದಿದ್ದಾರೆ. ಕೂಡಿಸಿದ್ದರೂ ಇದೇ ಸಾಲು ಬರುತ್ತದಲ್ಲ ಎಂಬ ಆಕ್ಷೇಪ ಕೂಡಲೇ ಬಂತು, ಅದು ಸರಿಯೂ ಹೌದು. ಅದನ್ನು ಡಂಪ್‌ನಿಂದಲೇ ಬಗೆಹರಿಸಿದೆವು. ಯಾದೃಚ್ಛಿಕ ಸಂಖ್ಯೆ ಡಂಪ್‌ನಲ್ಲೇ ಇದೆ. ಕರ್ನಲ್ ವಿಳಾಸಗಳ ಮೇಲ್ತುದಿಯ ಬೈಟ್ ಯಾವಾಗಲೂ ಹೆಕ್ಸ್‌ನ ಎಫ್‌ಎಫ್. ಹಿಂದುಮುಂದಾದಾಗ ಅದೇ ಕೊನೆಗೆ ಬರುತ್ತದೆ. ತುಣುಕಿನ ವಿಳಾಸದ ಕೊನೆಯ ಬಿಟ್‌ಗಳಂತೂ ಸೊನ್ನೆಯೇ. ಆದ್ದರಿಂದ ಬರೆದಿಟ್ಟ ಮೌಲ್ಯದ ಕೊನೆಯ ಬಿಟ್‌ಗಳು ಯಾದೃಚ್ಛಿಕ ಸಂಖ್ಯೆಯ ಕೊನೆಯ ಬಿಟ್‌ಗಳನ್ನು ತಿರುವಿಹಾಕಿದಂತಿರಬೇಕು. ಲೆಕ್ಕ ಹಾಕಿದಾಗ, ಶೇಷ 1 ಬಂದ ಎರಡು ಡಂಪ್‌ಗಳಲ್ಲೂ ಆ ಮೌಲ್ಯ ಬೆಸ, 3 ಬಂದದ್ದರಲ್ಲಿ ಸಮ. ಕಳೆದದ್ದೇ ಹೌದು. ಪ್ರತಿ ರೀಬೂಟ್‌ಗೂ ಹೊಸ ಯಾದೃಚ್ಛಿಕ ಸಂಖ್ಯೆ ಬರುವುದರಿಂದ ಒಂದೊಂದು ಕ್ರ್ಯಾಶ್‌ನಲ್ಲಿ ಒಂದೊಂದು ಶೇಷ ಕಾಣುತ್ತಿತ್ತು.

ಇಲ್ಲಿಗೆ ತಪ್ಪಿತಸ್ಥನ ಚಹರೆ ಮೂಡಿತು. 129ರಿಂದ 192 ಬೈಟ್ ಗಾತ್ರದ, 96ನೇ ಬೈಟ್‌ನಲ್ಲಿ ಒಂದು ಎಣಿಕೆಯನ್ನು ಇಟ್ಟುಕೊಂಡಿರುವ ಯಾವುದೋ ಸ್ಟ್ರಕ್ಚರ್ (ಹಲವು ಸದಸ್ಯಗಳನ್ನು ಒಟ್ಟಿಗೆ ಇಡುವ ದತ್ತಾಂಶದ ಕಟ್ಟು) ಇದೆ. ಅದನ್ನು ಹಿಂದಿರುಗಿಸಿದ ಮೇಲೂ ಯಾರೋ ಆ ಎಣಿಕೆಯನ್ನು ಒಂದು ಇಳಿಸುತ್ತಿದ್ದಾರೆ. ಪಹೋಲ್ ಎಂಬ ಸಲಕರಣೆ ಸ್ಟ್ರಕ್ಚರ್‌ಗಳ ಗಾತ್ರವನ್ನೂ ಸದಸ್ಯಗಳ ಸ್ಥಾನವನ್ನೂ ಪಟ್ಟಿ ಮಾಡಿಕೊಡುತ್ತದೆ. ಕರ್ನಲ್ ಮತ್ತು ಲೋಡ್ ಆಗಿದ್ದ ಮಾಡ್ಯೂಲ್‌ಗಳನ್ನೆಲ್ಲ ಅದರಿಂದ ಜರಡಿ ಹಿಡಿದು, ತಮ್ಮದೇ ಪ್ರತ್ಯೇಕ ಸಂಗ್ರಹ ಇಟ್ಟುಕೊಂಡವನ್ನು ಬಿಟ್ಟಾಗ 11 ಸ್ಟ್ರಕ್ಚರ್‌ಗಳು ಉಳಿದವು. ಅವುಗಳಲ್ಲಿ ಒಂದು, ಹೊರಗಿನ ಡ್ರೈವರ್‌ನ ಸೆಷನ್ ಸ್ಟ್ರಕ್ಚರ್.

ಬಿಟ್ಟುಕೊಟ್ಟ ಮೆಮೊರಿಗೆ ಆಮೇಲೆ ಬರೆಯುವ ತಪ್ಪು ಎಷ್ಟು ದೂರ ಹೋಗಿ ಹೊಡೆಯಬಹುದು ಎನ್ನುವುದಕ್ಕೆ 2008ರ ಒಂದು ಘಟನೆ ಲಿನಕ್ಸ್ ವಲಯದಲ್ಲಿ ಈಗಲೂ ಮಾತಿಗೆ ಬರುತ್ತದೆ. 2.6.27ರ ಅಭಿವೃದ್ಧಿ ಹಂತದಲ್ಲಿ ಎಫ್‌ಟ್ರೇಸ್ ಎಂಬ ಜಾಡು ಹಿಡಿಯುವ ವ್ಯವಸ್ಥೆ, ಅದಾಗಲೇ ಬಿಡುಗಡೆಯಾಗಿದ್ದ ಮಾಡ್ಯೂಲ್ ಕೋಡ್‌ನ ಜಾಗಕ್ಕೆ ಬರೆಯಲು ಹೋಗಿ, ಆ ಜಾಗದಲ್ಲಿ ಆಮೇಲೆ ಬಂದು ಕೂತಿದ್ದ ಇ1000ಇ ನೆಟ್‌ವರ್ಕ್ ಕಾರ್ಡ್‌ನ ಶಾಶ್ವತ ಮೆಮೊರಿಯನ್ನೇ ಕೆಡಿಸಿತ್ತು. ಕೆಟ್ಟದ್ದು ಕಾರ್ಡ್ ಆದ್ದರಿಂದ ಎಲ್ಲರೂ ಮೊದಲು ಹಿಡಿದದ್ದು ಕಾರ್ಡ್‌ನ ಡ್ರೈವರನ್ನು. ನಮ್ಮಲ್ಲಿ ಹೊರಗಿನ ಡ್ರೈವರ್ ಮೇಲೆ ಮೊದಲಿನಿಂದಲೂ ಕಣ್ಣಿದ್ದ ಕಾರಣಕ್ಕೇ, ಉಳಿದ 10 ಸ್ಟ್ರಕ್ಚರ್‌ಗಳನ್ನು ಬದಿಗೆ ಸರಿಸಲು ನಾನು ಒಪ್ಪಲಿಲ್ಲ.

ನೇರ ಸಾಕ್ಷಿಗೆ ಸ್ಲಬ್‌ನದೇ ತಪಾಸಣಾ ವ್ಯವಸ್ಥೆ ಇತ್ತು. ತನಿಖೆಯ ಆರಂಭದಲ್ಲೇ ಸ್ಲಬ್_ಡೀಬಗ್ ಅನ್ನು ಕೆಲವು ಯಂತ್ರಗಳಲ್ಲಿ ಎಲ್ಲ ಸಂಗ್ರಹಗಳಿಗೂ ಹಚ್ಚಿ ನೋಡಿದ್ದೆವು. ಯಂತ್ರ ಆಮೆಯಂತಾಯಿತು, ಕ್ರ್ಯಾಶ್ ಮಾಯವಾಯಿತು, ಎರಡು ವಾರದ ನಂತರ ತೆಗೆದುಹಾಕಿದ್ದೆವು. ಈ ಸಲ ಕೆಮಾಲಕ್-192 ಒಂದಕ್ಕೆ ಮಾತ್ರ, ನಾಲ್ಕು ಯಂತ್ರಗಳಲ್ಲಿ ಹಚ್ಚಿದೆವು. ತುಣುಕು ಹಿಂದಿರುಗಿದ ಕೂಡಲೇ ಅದರ ತುಂಬ ಹೆಕ್ಸ್‌ನ 6ಬಿ ಎಂಬ ಬೈಟ್ ಬಳಿದು, ಕೊನೆಯ ಬೈಟ್‌ನಲ್ಲಿ ಎ5 ಇಟ್ಟು, ಮತ್ತೆ ಕೊಡುವ ಮುನ್ನ ಬಣ್ಣ ಮಾಸಿದೆಯೇ ಎಂದು ಅದು ನೋಡುತ್ತದೆ. ಐದನೆಯ ದಿನ ವರದಿ ಬಂತು. ಸಾಲುಸಾಲಾಗಿ 6ಬಿ 6ಬಿ 6ಬಿ. ನಡುವೆ 96ನೇ ಬೈಟ್‌ನಿಂದ 6ಎ 6ಬಿ 6ಬಿ 6ಬಿ. ನಾಲ್ಕು ಬೈಟ್‌ನ ಸಂಖ್ಯೆಯಿಂದ ಒಂದು ಕಳೆದರೆ ಬದಲಾಗುವುದು ಅತಿ ಕೆಳಗಿನ ಬೈಟ್. ಎಕ್ಸ್86ನಲ್ಲಿ ಅದೇ ಮೊದಲು ಕೂರುತ್ತದೆ. ಆ ಒಂದು 6ಎಯನ್ನು ನಾವು ಪರದೆಯ ಮೇಲೆ ಬಹಳ ಹೊತ್ತು ನೋಡುತ್ತ ಕೂತಿದ್ದೆವು. ಅದರ ಕೆಳಗೆ, ಈ ತುಣುಕನ್ನು ಕೊನೆಗೆ ಪಡೆದವರು ಯಾರು, ಹಿಂದಿರುಗಿಸಿದವರು ಯಾರು ಎಂಬ ಎರಡು ಕಾಲ್ ಸ್ಟ್ಯಾಕ್‌ಗಳು. ಎರಡೂ ಹೊರಗಿನ ಡ್ರೈವರ್‌ನವು. ಹಿಂದಿರುಗಿಸಿದ್ದು ಸೆಷನ್ ಮುಚ್ಚುವ ಫಂಕ್ಷನ್.

ಆದರೂ ಹಿಂದಿರುಗಿಸಿದ ಮೇಲೆ ಬರೆದವರು ಯಾರೆಂದು ಈ ವರದಿ ಹೇಳುವುದಿಲ್ಲ. ಡ್ರೈವರ್‌ನ ಮೂಲ ಕೋಡ್ ನಮಗೆ ಲಭ್ಯವಿತ್ತು. 96ನೇ ಬೈಟ್‌ನಲ್ಲಿದ್ದದ್ದು, ಉತ್ತರ ಬಾಕಿಯಿರುವ ಕೆಲಸಗಳ ಎಣಿಕೆ. ಅದನ್ನು ಇಳಿಸುವ ಮೂರು ಜಾಗಗಳಲ್ಲಿ ಎರಡು, ಸೆಷನ್ ಮುಚ್ಚುವ ಥ್ರೆಡ್‌ನಲ್ಲೇ ನಡೆಯುತ್ತಿದ್ದವು. ಮೂರನೆಯದು ಟೈಮರ್ ಹ್ಯಾಂಡ್ಲರ್‌ನ, ಅಂದರೆ ಟೈಮರ್ ಹೊಡೆದಾಗ ಓಡುವ ಫಂಕ್ಷನ್‌ನ, ಕೊನೆಯ ಸಾಲು. ಹ್ಯಾಂಡ್ಲರ್ ಲಾಕ್ (ಒಮ್ಮೆಗೆ ಒಬ್ಬರೇ ಒಳಹೋಗುವಂತೆ ತಡೆಯುವ ಬೀಗ) ಹಿಡಿದು, ಸೆಷನ್ ಜೀವಂತವಿದೆಯೆಂದು ತಿಳಿಸುವ ಸಂದೇಶ ಕಳುಹಿಸಿ, ಲಾಕ್ ಬಿಟ್ಟು, ಆಮೇಲೆ ಎಣಿಕೆ ಇಳಿಸುತ್ತಿತ್ತು. ಮುಚ್ಚುವ ಫಂಕ್ಷನ್ ಅದೇ ಲಾಕ್ ಹಿಡಿದು, ಡೆಲ್_ಟೈಮರ್ ಕರೆದು, ಸೆಷನ್ ಅನ್ನು ಪಟ್ಟಿಯಿಂದ ಬಿಡಿಸಿ, ಲಾಕ್ ಬಿಟ್ಟು, ಮೆಮೊರಿಯನ್ನು ಹಿಂದಿರುಗಿಸುತ್ತಿತ್ತು.

ಡೆಲ್_ಟೈಮರ್ ಮಾಡುವುದು, ಇನ್ನೂ ಹೊಡೆಯದ ಟೈಮರನ್ನು ಸರದಿಯಿಂದ ತೆಗೆಯುವುದನ್ನು ಮಾತ್ರ. ಟೈಮರ್ ಆಗಲೇ ಹೊಡೆದು ಅದರ ಹ್ಯಾಂಡ್ಲರ್ ಇನ್ನೊಂದು ಸಿಪಿಯು ಮೇಲೆ ಓಡುತ್ತಿದ್ದರೆ ಅದು ಕಾಯುವುದಿಲ್ಲ. ಸೊನ್ನೆ ಹಿಂದಿರುಗಿಸಿ ಸುಮ್ಮನಾಗುತ್ತದೆ. ಆ ಸೊನ್ನೆಯನ್ನು ಡ್ರೈವರ್‌ನಲ್ಲಿ ಯಾರೂ ನೋಡುತ್ತಿರಲಿಲ್ಲ. ಹ್ಯಾಂಡ್ಲರ್ ಮುಗಿಯುವವರೆಗೂ ಕಾಯುವುದು ಡೆಲ್_ಟೈಮರ್_ಸಿಂಕ್.

ಲಾಕ್ ಬಿಡುವುದಕ್ಕೂ ಎಣಿಕೆ ಇಳಿಸುವುದಕ್ಕೂ ನಡುವೆ ಇರುವುದು ಕೆಲವೇ ನ್ಯಾನೊಸೆಕೆಂಡ್. ಅಷ್ಟರಲ್ಲಿ ಇನ್ನೊಂದು ಸಿಪಿಯು ಲಾಕ್ ಹಿಡಿದು, ಎಲ್ಲ ಮುಗಿಸಿ, ಮೆಮೊರಿ ಹಿಂದಿರುಗಿಸುವುದು ಸಾಧ್ಯವೇ ಎಂದು ನಮ್ಮಲ್ಲೇ ವಾದ ನಡೆಯಿತು. ಉತ್ತರ ಲಾಕ್‌ನ ಬಗೆಯಲ್ಲಿತ್ತು. ಹ್ಯಾಂಡ್ಲರ್ ಬಳಸಿದ್ದು ಇಂಟರಪ್ಟ್‌ಗಳನ್ನು (ನಡೆಯುತ್ತಿರುವ ಕೆಲಸ ನಿಲ್ಲಿಸಿ ಗಮನ ಕೇಳುವ ಯಂತ್ರಾಂಶದ ಕರೆಗಳನ್ನು) ತಡೆಹಿಡಿದು ಲಾಕ್ ಹಿಡಿಯುವ ವಿಧಾನವನ್ನು. ಲಾಕ್ ಬಿಟ್ಟು ಇಂಟರಪ್ಟ್‌ಗಳಿಗೆ ಬಾಗಿಲು ತೆರೆದ ಕ್ಷಣವೇ, ಅಷ್ಟು ಹೊತ್ತು ಹೊರಗೆ ಕಾದಿದ್ದ ಇಂಟರಪ್ಟ್ ಒಳನುಗ್ಗುತ್ತದೆ. ಎಣಿಕೆ ಇಳಿಸುವ ಸಾಲು ಅದು ಮುಗಿಯುವವರೆಗೆ ಕಾಯುತ್ತದೆ. ಕಿಂಡಿ ಅಗಲವಾಗುವುದು ಸರಿಯಾಗಿ ಆ ಜಾಗದಲ್ಲೇ. ಸಂರಚನೆಯನ್ನು ಮರುಲೋಡ್ ಮಾಡಿದಾಗ ನೂರಾರು ಸೆಷನ್‌ಗಳು ಒಟ್ಟಿಗೆ ಮುಚ್ಚುತ್ತಿದ್ದವು, ಅದೇ ಹೊತ್ತಿಗೆ ನೆಟ್‌ವರ್ಕ್ ಇಂಟರಪ್ಟ್‌ಗಳ ಮಳೆಯೂ ಸುರಿಯುತ್ತಿತ್ತು.

ಹಾಗಿದ್ದರೆ ಮರುಲೋಡ್‌ಗೂ ಕ್ರ್ಯಾಶ್‌ಗೂ ಇದ್ದ ನಂಟು ನಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ? ಕೆಟ್ಟ ತುಣುಕು ಖಾಲಿ ಪಟ್ಟಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಬಿದ್ದಿರಬಹುದು. ಅದರ ಸರದಿ ಬಂದಾಗಲೇ ಯಂತ್ರ ಬೀಳುವುದು. ಕೆಲವೊಮ್ಮೆ ನಿಮಿಷಗಳು, ಕೆಲವೊಮ್ಮೆ ಹಲವು ಗಂಟೆಗಳು. ಕ್ರ್ಯಾಶ್‌ಗೆ ಮುಂಚಿನ ಹತ್ತು ನಿಮಿಷದ ಲಾಗ್ ಮಾತ್ರ ನೋಡುವ ಅಭ್ಯಾಸ ನಮ್ಮದಾಗಿತ್ತು.

ಪರೀಕ್ಷಾ ಯಂತ್ರದಲ್ಲಿ ಕಸಾನ್ ಸೇರಿಸಿ ಕಟ್ಟಿದ ಕರ್ನಲ್ ಓಡಿಸಿದೆವು. ಪ್ರತಿ 8 ಬೈಟ್‌ಗೆ 1 ಬೈಟ್ ನೆರಳು ಮೆಮೊರಿ ಇಟ್ಟುಕೊಂಡು, ತಪ್ಪು ಬರಹವನ್ನು ಅದು ನಡೆಯುವ ಕ್ಷಣದಲ್ಲೇ ಹಿಡಿಯುವ ವ್ಯವಸ್ಥೆ ಅದು. ಬದಲಿಗೆ ವೇಗ ಮೂರನೇ ಒಂದರಷ್ಟಕ್ಕೆ ಇಳಿಯಬಹುದು. ಎರಡು ದಿನ ಏನೂ ಆಗಲಿಲ್ಲ. ಆಮೇಲೆ ಲಾಕ್ ಬಿಡುವ ಸಾಲಿಗೂ ಎಣಿಕೆ ಇಳಿಸುವ ಸಾಲಿಗೂ ನಡುವೆ 500 ಮೈಕ್ರೋಸೆಕೆಂಡ್‌ಗಳ ವಿಳಂಬವನ್ನು ಬೇಕೆಂದೇ ತುರುಕಿ, ಮರುಲೋಡ್ ಅನ್ನು ಬಿಡದೆ ನಡೆಸಿದೆವು. ನಾಲ್ಕನೆಯ ನಿಮಿಷಕ್ಕೆ ವರದಿ ಬಂತು: ಬಿಡುಗಡೆಯಾದ ಮೆಮೊರಿಗೆ 4 ಬೈಟ್‌ನ ಬರಹ, ಬರೆದದ್ದು ಟೈಮರ್ ಹ್ಯಾಂಡ್ಲರ್. ಉಳಿದ 10 ಸ್ಟ್ರಕ್ಚರ್‌ಗಳನ್ನು ಬಿಡಲು ನಾನು ಒಪ್ಪಿದ್ದು ಆಗಲೇ.

ತಿದ್ದುಪಡಿ ಒಂದು ಪದದ್ದೆಂದು ಕಂಡರೂ ಹಾಗಿರಲಿಲ್ಲ. ಲಾಕ್ ಹಿಡಿದುಕೊಂಡೇ ಡೆಲ್_ಟೈಮರ್_ಸಿಂಕ್ ಕರೆದರೆ, ಅದು ಹ್ಯಾಂಡ್ಲರ್‌ಗಾಗಿ ಕಾಯುತ್ತದೆ, ಹ್ಯಾಂಡ್ಲರ್ ಲಾಕ್‌ಗಾಗಿ ಕಾಯುತ್ತದೆ, ಎರಡೂ ಅಲ್ಲೇ ನಿಲ್ಲುತ್ತವೆ. ಮೂಲ ಲೇಖಕರು ಸಿಂಕ್ ಇಲ್ಲದ ರೂಪ ಆರಿಸಿದ್ದು ಬಹುಶಃ ಇದೇ ಕಾರಣಕ್ಕೆ. ಆದ್ದರಿಂದ ಲಾಕ್‌ನೊಳಗೆ ಸೆಷನ್ ಅನ್ನು ಪಟ್ಟಿಯಿಂದ ಬಿಡಿಸಿ, ಮುಚ್ಚುತ್ತಿದೆ ಎಂಬ ಗುರುತು ಹಾಕಿ, ಲಾಕ್ ಬಿಟ್ಟು, ಆಮೇಲೆ ಡೆಲ್_ಟೈಮರ್_ಸಿಂಕ್ ಕರೆದು, ಕೊನೆಗೆ ಮೆಮೊರಿ ಹಿಂದಿರುಗಿಸುವಂತೆ ಕ್ರಮ ಬದಲಾಯಿತು. ಹ್ಯಾಂಡ್ಲರ್ ತನ್ನನ್ನು ತಾನೇ ಮತ್ತೆ ಹೂಡಿಕೊಳ್ಳುವ ಬಗೆಯದಾದ್ದರಿಂದ, ಮತ್ತು ಸೆಷನ್‌ನ ಇತರ ದಾರಿಗಳೂ ಅದೇ ಟೈಮರನ್ನು ಹೂಡುತ್ತಿದ್ದುದರಿಂದ, ಗುರುತು ಇದ್ದಾಗ ಯಾರೂ ಹೂಡಬಾರದೆಂಬ ಪರೀಕ್ಷೆಯೂ ಸೇರಿತು. 6.2ನೇ ಆವೃತ್ತಿಯಿಂದ ಇದಕ್ಕೆಂದೇ ಟೈಮರ್_ಶಟ್‌ಡೌನ್_ಸಿಂಕ್ ಇದೆ, 5.15ರಲ್ಲಿದ್ದ ನಮಗೆ ಆ ಅನುಕೂಲವಿರಲಿಲ್ಲ. ಡ್ರೈವರ್ ಬರೆದವರು 6ಎಯ ವರದಿಯನ್ನೂ ಕಸಾನ್‌ನ ವರದಿಯನ್ನೂ ನೋಡಿದ ಮೇಲೆ ತಿದ್ದುಪಡಿಯನ್ನು ತಕರಾರಿಲ್ಲದೆ ಒಪ್ಪಿದರು.

ಅಪರೂಪಕ್ಕೆ ಬರುವ ಕ್ರ್ಯಾಶ್ ನಿಂತಿತೆಂದು ಯಾವಾಗ ಹೇಳಬಹುದು ಎಂಬುದು ಕೊನೆಯ ಪ್ರಶ್ನೆಯಾಗಿತ್ತು. ಸರಾಸರಿ ಮೂರು ದಿನಕ್ಕೊಂದು ಕ್ರ್ಯಾಶ್ ಆಗುತ್ತಿದ್ದ ಕಡೆ, ಅವು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆಂದು ಇಟ್ಟುಕೊಂಡರೆ, ಏನೂ ಮಾಡದೆಯೂ ಒಂಬತ್ತು ದಿನ ಸುಮ್ಮನಿರುವ ಸಾಧ್ಯತೆ ಶೇ 5ರಷ್ಟಿದೆ. ಒಂದು ವಾರ ಬೀಳಲಿಲ್ಲವೆಂದು ಕಡತ ಮುಚ್ಚುವುದು ಆತುರವಾಗುತ್ತಿತ್ತು. 30 ದಿನಕ್ಕೆ ಆ ಸಾಧ್ಯತೆ ಸುಮಾರು 22,000ದಲ್ಲಿ 1ಕ್ಕೆ ಇಳಿಯುತ್ತದೆ. ನಾವು 30 ದಿನ ಕಾದೆವು, ಮರುಲೋಡ್‌ಗಳ ಸಂಖ್ಯೆ ಮೊದಲಿಗಿಂತ ಕಡಿಮೆಯಾಗದಂತೆಯೂ ನೋಡಿಕೊಂಡೆವು. ಪರೀಕ್ಷಾ ಯಂತ್ರದಲ್ಲಿ ಅದೇ 500 ಮೈಕ್ರೋಸೆಕೆಂಡ್ ವಿಳಂಬವನ್ನು ಹಾಗೆಯೇ ಇಟ್ಟು ಹೊಸ ಮಾಡ್ಯೂಲನ್ನು ಮೂರು ದಿನ ಓಡಿಸಿದೆವು. ಎರಡೂ ಕಡೆ ಏನೂ ಆಗಲಿಲ್ಲ.

ಯಾವ ಗುಂಪಿಗೂ ಸೇರದ 2 ಕ್ರ್ಯಾಶ್‌ಗಳಲ್ಲಿ ಒಂದರ ಡಂಪ್ ಇತ್ತು. ಅಲ್ಲಿ 3 ಬೈಟ್ ಸರಿದ ತುಣುಕನ್ನು ಪಡೆದವರು ಅದನ್ನು ಸೊನ್ನೆಯಿಂದ ತುಂಬಿಸಿ ಕೊಡುವಂತೆ ಕೇಳಿದ್ದರು. 192 ಬೈಟ್ ತುಂಬುವಾಗ ಪಕ್ಕದ ತುಣುಕಿನ ಮೊದಲ 3 ಬೈಟ್‌ಗಳೂ ಸೊನ್ನೆಯಾಗಿ, ಅಲ್ಲಿದ್ದ ಪಾಯಿಂಟರ್‌ನ ಬಾಲ ಕತ್ತರಿಸಿಹೋಗಿತ್ತು. ಇನ್ನೊಂದು ಕ್ರ್ಯಾಶ್ ಆದದ್ದು ಕೆಡಂಪ್ ಹೂಡುವ ಮೊದಲು. ಅದರಿಂದ ಉಳಿದಿರುವುದು ಕನ್ಸೋಲ್‌ನ ಅರ್ಧ ಪುಟ. ಅದೂ ಇದೇ ಕಾರಣದಿಂದ ಆಗಿರಬಹುದು, ಆದರೆ ಕಡತದಲ್ಲಿ ಅದರ ಮುಂದೆ ‘ಕಾರಣ ತಿಳಿದಿಲ್ಲ’ ಎಂದೇ ಬರೆದಿದ್ದೇವೆ.